ಎರಡು ಬಗೆಯ ಹೂಂ

"ಹೂಂ," ಎಂದ ಗಂಡ.

ಕೌಟುಂಬಿಕ ನ್ಯಾಯಾಲಯದ ಮಧ್ಯಸ್ಥಗಾರ್ತಿ ಕಡತದಿಂದ ತಲೆ ಎತ್ತಿದರು. ಇಷ್ಟು ಬೇಗ ಹೂಂ ಬರುತ್ತದೆಂದು ಅವರೂ ಎಣಿಸಿರಲಿಲ್ಲ. ನೆಗಡಿಯಿಂದ ಅವರ ಮೂಗು ಕೆಂಪಗಾಗಿತ್ತು. ಬೆಳಿಗ್ಗೆಯಿಂದ ಬಾಯಿಗೆ ಅಡ್ಡ ಹಿಡಿದಿದ್ದ ಕರವಸ್ತ್ರವನ್ನು ತೆಗೆಯದೆಯೇ, "ಇನ್ನೊಂದ್ಸಲ ಓದ್ತೀನಿ. ಉಳಿದಿರೋ ನಿವೃತ್ತಿ ನಿಧಿ ಪೂರ್ತಿ ಇವರಿಗೆ. ತಿಂಗಳ ಪೆನ್ಷನ್ನಲ್ಲಿ ಮೂರರಲ್ಲಿ ಎರಡು ಪಾಲು ಇವರಿಗೆ, ಇವರು ಬದುಕಿರೋವರೆಗೆ. ನಿಮಗೆ ಮಿಕ್ಕಿದ ಒಂದು ಪಾಲು. ಸರಿನಾ?" ಎಂದರು.

"ಹೂಂ."

ಮೇಜಿನ ಈಚೆ ಕೂತಿದ್ದ ಹೆಂಡತಿಗೆ ಅದು ಯಾವ ಹೂಂ ಎಂದು ಗೊತ್ತಾಯಿತು. ಮೂವತ್ತೊಂದು ವರ್ಷ ಸಂಸಾರ ಮಾಡಿದವಳಿಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗಬೇಕು. ಗಂಡನ ಹತ್ತಿರ ಎರಡು ಬಗೆಯ ಹೂಂ ಇದ್ದವು. ಒಂದು ಗಿಡ್ಡದ್ದು, ಗಂಟಲಲ್ಲೇ ಮುಗಿಯುವಂಥದ್ದು. ಅದು ಬಂದಾಗ ಗದ್ದ ಎದೆಯ ಕಡೆಗೆ ಇಳಿಯುತ್ತಿತ್ತು. ಅದು ಒಪ್ಪಿಗೆಯ ಹೂಂ. ಇನ್ನೊಂದು ಉದ್ದನೆಯದು, ಮೂಗಿನಿಂದ ಹೊರಡುವಂಥದ್ದು. ಅದು ಬಂದಾಗ ಗದ್ದ ಮೇಲಕ್ಕೆ ಹೋಗಿ, ಕಣ್ಣು ಎದುರಿನವರ ಹಣೆಯ ಮೇಲೆಲ್ಲೋ ನಿಲ್ಲುತ್ತಿತ್ತು. ಏನೂ ಕೇಳಿಸಿಲ್ಲ, ಆದರೆ ಅದನ್ನು ಹೇಳಿಕೊಳ್ಳುವ ಜಾಯಮಾನ ನನ್ನದಲ್ಲ ಎಂಬುದು ಅದರ ಅರ್ಥ. ಈಗ ಎರಡು ಸಲವೂ ಬಂದದ್ದು ಈ ಎರಡನೆಯದು.

ಅವಳು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿದ್ದ ಅವಳ ವಕೀಲರು ಮೇಜಿನಡಿಯಲ್ಲಿ ತಮ್ಮ ಬೂಟಿನಿಂದ ಅವಳ ಚಪ್ಪಲಿಯನ್ನು ಮೆಲ್ಲಗೆ ಒತ್ತಿದರು. ಅದರ ಅರ್ಥವೂ ಅವಳಿಗೆ ಗೊತ್ತಾಯಿತು.

ಅವಳು ಕೇಳಬೇಕೆಂದಿದ್ದದ್ದು ಅರ್ಧ. ನಿಧಿಯಲ್ಲಿ ಅರ್ಧ, ಪೆನ್ಷನ್ನಿನಲ್ಲಿ ಅರ್ಧ. ಅವನು ಗಿರಣಿಯಲ್ಲಿ ದುಡಿದಷ್ಟೇ ತಾನು ಮನೆಯಲ್ಲಿ ದುಡಿದಿದ್ದೇನೆ, ಅದಕ್ಕೆ ಅರ್ಧ ಎಂದು ಅವಳ ಲೆಕ್ಕ. ವಕೀಲರು ಅದನ್ನು ಕೇಳಿ ನಕ್ಕಿದ್ದರು. "ಕೇಳೋವಾಗ ಜಾಸ್ತಿನೇ ಕೇಳ್ಬೇಕಮ್ಮ. ಅವರು ಕಾಲು ಭಾಗದಿಂದ ಶುರು ಮಾಡ್ತಾರೆ, ನಾವು ಮೇಲಿಂದ ಶುರು ಮಾಡೋಣ. ಕೊನೆಗೆ ನಿಮ್ಮ ಅರ್ಧಕ್ಕೇ ಬಂದು ನಿಲ್ಲುತ್ತೆ" ಎಂದು ಧೈರ್ಯ ಹೇಳಿ ಅರ್ಜಿ ಬರೆದಿದ್ದರು. ಎದುರು ಪಕ್ಷದ ವಕೀಲರು ಇದ್ದಿದ್ದರೆ ಹಾಗೇ ಆಗುತ್ತಿತ್ತೇನೋ. ಅವರು ಕೆಳಗಿನ ಮಹಡಿಯಲ್ಲಿ ಇನ್ನೊಂದು ಕೇಸಿನಲ್ಲಿ ಸಿಕ್ಕಿಕೊಂಡು, ನೀವು ಶುರು ಮಾಡಿರಿ, ಸಹಿಯ ಹೊತ್ತಿಗೆ ಬರುತ್ತೇನೆ ಎಂದು ಹೇಳಿ ಕಳಿಸಿದ್ದರು.

ಮಧ್ಯಸ್ಥಗಾರ್ತಿ ಪೆನ್ನಿನ ಮುಚ್ಚಳ ತೆಗೆದರು. ತಲೆಯ ಮೇಲೆ ಹಳೆಯ ಫ್ಯಾನು ಸುತ್ತಿಗೊಮ್ಮೆ ಕಟಕ್ಕೆನ್ನುತ್ತ ತಿರುಗುತ್ತಿತ್ತು. ಈ ಫ್ಯಾನು ಇದ್ದ ಮೇಲೆ ಮುಗಿಯಿತು, ಅವನಿಗೆ ಒಂದಕ್ಷರವೂ ಕೇಳಿಸುವುದಿಲ್ಲ ಎಂದು ಅವಳು ಒಳಗೆ ಕಾಲಿಟ್ಟಾಗಲೇ ಅಂದುಕೊಂಡಿದ್ದಳು. ಅಂದುಕೊಂಡದ್ದಕ್ಕೆ ತನ್ನ ಮೇಲೇ ಸಿಟ್ಟೂ ಬಂದಿತ್ತು. ಮನೆ ಬಿಟ್ಟು ಬಂದ ಎಂಟು ತಿಂಗಳಿನಿಂದ ಅವನ ಕಿವಿಯ ಚಿಂತೆ ಅವಳದಲ್ಲ.

ಗಂಡ ಬಟ್ಟೆಯ ಗಿರಣಿಯಲ್ಲಿ ಮಗ್ಗದ ಮೇಸ್ತ್ರಿಯಾಗಿದ್ದ. ಇನ್ನೂರು ಮಗ್ಗಗಳ ಶೆಡ್ಡು. ಅಲ್ಲಿ ಒಳಗೆ ಹೋದವರಿಗೆ ಮೊದಲ ವಾರ ತಲೆಯೊಳಗೇ ಯಾರೋ ಬಡಿದಂತೆ ಆಗುತ್ತಿತ್ತಂತೆ, ಎರಡನೆಯ ವಾರ ಅಭ್ಯಾಸವಾಗುತ್ತಿತ್ತಂತೆ. ಅಭ್ಯಾಸವಾಯಿತೆಂದರೆ ಕಿವಿ ಹೋಗಲು ಶುರುವಾಯಿತೆಂದು ಆಮೇಲೆ ತಿಳಿಯುತ್ತಿತ್ತು. ಬಲಗಿವಿ ಮದುವೆಯಾದ ಐದನೆಯ ವರ್ಷಕ್ಕೆ ಹೋಯಿತು. ಎಡಗಿವಿ ಕಂತುಕಂತಾಗಿ ಹೋಯಿತು. ಮಗಳು ಹಟ ಮಾಡಿ ಕೊಡಿಸಿದ ಕಿವಿಯ ಮಷೀನನ್ನು ಅವನು ಎರಡು ದಿನ ಹಾಕಿಕೊಂಡು, ಮೂರನೆಯ ದಿನ ಮುಗಿದುಹೋದ ಟಾರ್ಚಿನ ಸೆಲ್ಲುಗಳ ಜೊತೆ ಡ್ರಾಯರಿಗೆ ಸೇರಿಸಿದ. ನನಗೇನು ಕಿವುಡೇ ಎಂದು ಕೇಳಿದ. ಹೌದು ಎಂದು ಅವಳು ಕೊಟ್ಟ ಉತ್ತರ ಅವನಿಗೆ ಕೇಳಿಸಲಿಲ್ಲ.

ಹಾಗಾಗಿ ಅವಳು ಕೂಗಿದಳು. ಊಟಕ್ಕೆ ಬನ್ನಿ ಎಂದು ಕೂಗಿದಳು, ಬಾಗಿಲಲ್ಲಿ ಯಾರೋ ಬಂದಿದ್ದಾರೆ ಎಂದು ಕೂಗಿದಳು, ಮಗಳು ಪಾಸಾದಳು ಎಂಬುದನ್ನೂ ಕೂಗಿಯೇ ಹೇಳಿದಳು. ಗಂಟಲು ಹರಿದುಕೊಂಡು ಹರಿದುಕೊಂಡು ಅವಳ ದನಿಯೇ ಹಾಗಾಯಿತು. ಅಕ್ಕಪಕ್ಕದ ಮನೆಯವರು ಅವಳನ್ನು ಬಾಯಿಬಡುಕಿ ಎಂದು ಕರೆದರು, ಪಾಪದ ಮೇಸ್ತ್ರಿ ಎಂದು ಅವನಿಗೆ ಮರುಗಿದರು. ಈಗ ತಂಗಿಯ ಮನೆಯ ಹೊಲಿಗೆ ಮಷೀನಿನ ಕೋಣೆಯಲ್ಲಿ ಹಾಸಿಗೆ ಹಾಸಿಕೊಂಡು ಮಲಗುವವಳಿಗೆ ತಂಗಿ ದಿನಕ್ಕೆ ನಾಲ್ಕು ಸಲ, "ಮೆತ್ತಗೆ ಮಾತಾಡೇ ಅಕ್ಕ, ಇಲ್ಲಿ ಯಾರೂ ಕಿವುಡರಿಲ್ಲ" ಎನ್ನುತ್ತಾಳೆ. ಮೆತ್ತಗೆ ಮಾತಾಡುವುದು ಹೇಗೆಂದು ಅವಳಿಗೆ ಮರೆತುಹೋಗಿದೆ.

ಇದನ್ನೆಲ್ಲ ಅವಳು ಸಹಿಸಿಕೊಂಡು ಬಂದಿದ್ದಳು. ಸಹಿಸಲಾಗದ್ದು ಫೋನಿನ ವಿಷಯ.

ಹೋದ ವರ್ಷ ಒಂದು ಮಧ್ಯಾಹ್ನ ಅವಳು ಪಡಸಾಲೆಯ ಪರದೆಗೆ ಬಟ್ಟೆ ತರಲು ಅಂಗಡಿಗೆ ಹೋಗಿದ್ದಾಗ ತಮ್ಮ ಫೋನು ಮಾಡಿದ. ಅಮ್ಮನಿಗೆ ಕಾಯಿಲೆ ತೀರ ಜೋರಾಗಿದೆ, ಅಕ್ಕನ್ನ ಕರೀರಿ ಅಂತಿದ್ದಾಳೆ, ಇವತ್ತೇ ಕಳಿಸಿ ಭಾವ ಎಂದ. ಭಾವ ಹೂಂ ಎಂದರು, ಹೂಂ ಹೂಂ ಎಂದರು, ಫೋನು ಇಟ್ಟರು. ಅವಳು ಪರದೆಯ ಬಟ್ಟೆ ಹಿಡಿದು ಬಂದು, ಅಳತೆ ಮಾಡಿ, ಕತ್ತರಿಸಿ, ಎರಡು ದಿನ ಕೂತು ಹೊಲಿದಳು. ಮೂರನೆಯ ದಿನ ತಮ್ಮ ಮತ್ತೆ ಫೋನು ಮಾಡಿದಾಗ ಅಮ್ಮ ಹೋಗಿ ಒಂದು ರಾತ್ರಿ ಕಳೆದಿತ್ತು. ಯಾಕೆ ಹೇಳಲಿಲ್ಲ ಎಂದು ಅವಳು ಗಂಡನ ಎದುರು ನಿಂತು ಕೇಳಿದಳು. "ಅವನು ನಂಗೇನೂ ಹೇಳ್ಲೇ ಇಲ್ಲ," ಎಂದ ಗಂಡ. ಕೇಳಿಸಲಿಲ್ಲ ಎನ್ನಲಿಲ್ಲ. ಆ ಒಂದು ಮಾತು ಅಂದಿದ್ದರೆ ಅವಳು ಅತ್ತು, ತಲೆ ಚಚ್ಚಿಕೊಂಡು, ನಾಲ್ಕು ದಿನ ಮಾತು ಬಿಟ್ಟು, ಐದನೆಯ ದಿನ ಮತ್ತೆ ಊಟಕ್ಕೆ ಬನ್ನಿ ಎಂದು ಕೂಗುತ್ತಿದ್ದಳು. ಅವನು ತಮ್ಮನನ್ನೇ ಸುಳ್ಳುಗಾರನನ್ನಾಗಿ ಮಾಡಿದ. ಪರದೆ ಇನ್ನೂ ಆ ಮನೆಯ ಕಿಟಕಿಯಲ್ಲಿ ನೇತಾಡುತ್ತಿದೆ.

ಅವಳು ಜೀವನಾಂಶದ ಅರ್ಜಿ ಹಾಕಿದಾಗ ಅವನ ಕಡೆಯಿಂದ ಉತ್ತರ ಬಂತು. ಅದರ ನಾಲ್ಕನೆಯ ಪುಟದಲ್ಲಿ ಒಂದು ಸಾಲಿತ್ತು. ಅರ್ಜಿದಾರಳು ಸದಾ ಏರುದನಿಯಲ್ಲಿ ಕಿರುಚಾಡುವ ಸ್ವಭಾವದವಳಾಗಿದ್ದು, ಇದರಿಂದ ಪ್ರತಿವಾದಿಯು ಹಲವು ವರ್ಷಗಳಿಂದ ಮನಶ್ಶಾಂತಿ ಕಳೆದುಕೊಂಡಿರುವುದರಿಂದ, ಸದರಿ ಅರ್ಜಿದಾರಳು ಜೀವನಾಂಶಕ್ಕೆ ಅರ್ಹಳಲ್ಲ. ಅವಳು ಆ ಸಾಲನ್ನು ತಂಗಿಯ ಹೊಲಿಗೆ ಮಷೀನಿನ ಮೇಲೆ ಇಟ್ಟು ಹಲವು ಸಲ ಓದಿದ್ದಳು. ಎಲ್ಲ ವಕೀಲರೂ ಹೀಗೇ ಏನಾದರೊಂದು ಬರೆಯುತ್ತಾರೆ, ಕಿವಿ ಮೇಲೆ ಹಾಕಿಕೊಳ್ಳಬೇಡಿ ಎಂದು ಅವಳ ವಕೀಲರು ಸಮಾಧಾನ ಹೇಳಿದ್ದರು.

ಈಗ ಮಧ್ಯಸ್ಥಗಾರ್ತಿಯ ಪೆನ್ನು ಕಾಗದಕ್ಕೆ ತಾಕುತ್ತಿತ್ತು.

"ಒಂದ್ನಿಮಿಷ ಮೇಡಂ," ಎಂದಳು ಅವಳು. "ಅವರಿಗೆ ಕೇಳಿಸಿಲ್ಲ."

ಆ ಸಣ್ಣ ಕೋಣೆಗೆ ಅವಳ ದನಿ ಹೆಚ್ಚಾಯಿತು. ಮಧ್ಯಸ್ಥಗಾರ್ತಿ ಬೆಚ್ಚಿ, ಕಡತದ ನಾಲ್ಕನೆಯ ಪುಟವಿದ್ದ ಕಡೆ ಒಮ್ಮೆ ನೋಡಿದರು. ಆ ನೋಟ ಅವಳಿಗೆ ಚೆನ್ನಾಗಿಯೇ ಅರ್ಥವಾಯಿತು. ಕಿರುಚುವುದಿಲ್ಲ ಎನ್ನಬೇಕಾದರೂ ಕಿರುಚಿಯೇ ಹೇಳಬೇಕಾದ ಕರ್ಮ ತನ್ನದು.

ಅವಳ ದನಿ ಮಾತ್ರ ಗಂಡನಿಗೆ ಮುಟ್ಟಿತು. ಅವನ ಮುಖ ಕೆಂಪೇರಿತು. "ಕೇಳಿಸ್ತು," ಎಂದ. "ಬರ್ಕೊಳ್ಳಿ."

"ಅವರೇ ಕೇಳಿಸ್ತು ಅಂತಿದ್ದಾರಲ್ಲಮ್ಮ."

"ಇಲ್ಲ ಮೇಡಂ. ಇವರ ಹೂಂ ನಂಗೊತ್ತು."

ವಕೀಲರು ಅವಳ ಕಡೆ ಬಾಗಿ ಪಿಸುಗುಟ್ಟಿದರು. "ಅಮ್ಮ, ನೀವು ಹೇಳಿದ್ದಾಯ್ತು. ಅವರು ಕೇಳಿಸ್ತು ಅಂದಿದ್ದಾಯ್ತು. ಇನ್ನು ನಿಮ್ಮ ಮೇಲೆ ಯಾವ ಪಾಪಾನೂ ಇಲ್ಲ. ಸುಮ್ನಿರಿ."

ವಕೀಲರ ಮಾತು ನಿಜವಾಗಿತ್ತು. ಸುಮ್ಮನಿದ್ದರೆ ಒಂದು ಕೋಣೆ ಬಾಡಿಗೆಗೆ ಹಿಡಿಯಬಹುದು. ಕಿಟಕಿಯಿರುವ ಕೋಣೆ. ಬೆಳಿಗ್ಗೆ ತಂಗಿಯ ಗಂಡ ಬಚ್ಚಲಿಂದ ಹೊರಬರುವವರೆಗೆ ಕಾಯಬೇಕಿಲ್ಲ. ಮೊಣಕಾಲಿಗೆ ತೋರಿಸಿಕೊಳ್ಳಲು ಯಾರ ಮುಖವನ್ನೂ ನೋಡಬೇಕಿಲ್ಲ. ಐವತ್ತೆಂಟು ವರ್ಷಕ್ಕೆ ಅವಳಿಗೆ ಬೇರೆ ಸಂಪಾದನೆಯ ದಾರಿಯೂ ಇರಲಿಲ್ಲ. ಅವನು ಮೂರರಲ್ಲಿ ಒಂದು ಪಾಲಿನಲ್ಲಿ ಬಾಡಿಗೆ ಕಟ್ಟಿ ಏನು ತಿನ್ನುತ್ತಾನೋ ಅದು ಅವನ ಹಣೆಬರಹ. ಬ್ಯಾಂಕಿನಲ್ಲಿ ಪಾಸ್‌ಬುಕ್ಕು ತೆರೆದು ನೋಡಿದ ದಿನವೂ ಅವನು ನನಗೆ ಅವತ್ತು ಕೇಳಿಸಲಿಲ್ಲ ಎಂದು ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ. ಅಷ್ಟರಮಟ್ಟಿಗೆ ಅವಳು ಕ್ಷೇಮ.

ಆದರೆ ಅದು ಅದೇ ಹೂಂ ಆಗಿತ್ತು. ಅಮ್ಮ ಕರೆಯುತ್ತಿದ್ದಾಳೆ ಎಂದು ತಮ್ಮ ಫೋನು ಮಾಡಿದಾಗ ಅಂದ ಹೂಂ. ಅದರ ಮೇಲೆ ಸಹಿ ಹಾಕಿಸಿಕೊಂಡು, ತಿಂಗಳು ತಿಂಗಳು ಅದನ್ನೇ ಬಿಡಿಸಿಕೊಂಡು ಬಂದು ಉಣ್ಣುವುದು ತನ್ನಿಂದ ಆಗುವುದಿಲ್ಲ ಎಂದು ಅವಳಿಗೆ ಅನಿಸಿತು. ದೊಡ್ಡ ಮನಸ್ಸೇನೂ ಅಲ್ಲ. ಬೇಸರ, ಅಷ್ಟೆ. ಸಾಕಾಗಿತ್ತು ಅವಳಿಗೆ ಆ ಹೂಂ.

ಅವಳು ಎದ್ದಳು. ಮೊಣಕಾಲು ಸರಿಮಾಡಿಕೊಂಡು ಮೇಜನ್ನು ಸುತ್ತಿ ಬಂದು, ಗಂಡನ ಮುಂದೆ ಮೇಜಿನ ಮೇಲೆ ಬೆರಳ ಗೆಣ್ಣಿನಿಂದ ಮೂರು ಸಲ ಕುಟ್ಟಿದಳು. ಶೆಡ್ಡಿನಲ್ಲಿ ಒಬ್ಬರನ್ನೊಬ್ಬರು ಕರೆಯುತ್ತಿದ್ದದ್ದು ಹಾಗೆ. ಮಗ್ಗದ ಚೌಕಟ್ಟಿಗೆ ಕುಟ್ಟಿದರೆ ಸದ್ದು ಕೇಳಿಸದಿದ್ದರೂ ಕೈಗೆ ತಾಗುತ್ತಿತ್ತು. ಮೇಜಿನ ಮೇಲಿದ್ದ ಅವನ ಕೈಗೆ ಅದು ತಾಗಿತು. ಅವನು ಮುಖ ಎತ್ತಿ ಅವಳ ಮುಖ ನೋಡಿದ.

ಮದುವೆಯಾದ ಹೊಸದರಲ್ಲಿ ಅವಳು ಊಟದ ಡಬ್ಬಿ ಕೊಡಲು ಶೆಡ್ಡಿನ ಬಾಗಿಲವರೆಗೆ ಹೋಗುತ್ತಿದ್ದಳು. ಅಲ್ಲಿ ಎಲ್ಲರೂ ದನಿಯಿಲ್ಲದೆ ಬರೀ ತುಟಿಯಲ್ಲಿ ಮಾತಾಡುತ್ತಿದ್ದರು. ನಾಲ್ಕು ಸಾಲು ಮಗ್ಗದಾಚೆ ನಿಂತವನು ಹೇಳಿದ್ದು ಈಚೆಯವನಿಗೆ ತಿಳಿಯುತ್ತಿತ್ತು. ಅದಕ್ಕೆ ಶೆಡ್ಡು ಮಾತು ಎಂದು ಹೆಸರು. ಅವನು ಅವಳಿಗೆ ಅದನ್ನು ಕಲಿಸಿದ. ಆಮೇಲೆ ಎರಡು ಕೋಣೆಯ ಮನೆಯಲ್ಲಿ, ಅತ್ತೆ ಅಲ್ಲೇ ಕೂತು ಬೇಳೆ ಆರಿಸುತ್ತಿದ್ದರೂ, ಇಬ್ಬರೂ ಅವರ ತಲೆಯ ಮೇಲಿಂದ ಏನು ಬೇಕಾದರೂ ಮಾತಾಡಿಕೊಳ್ಳುತ್ತಿದ್ದರು. ಏನೇನು ಮಾತಾಡಿಕೊಂಡರೆಂದು ನೆನೆದರೆ ಈಗಲೂ ಅವಳ ಕಿವಿ ಬಿಸಿಯಾಗುತ್ತದೆ. ಶೆಡ್ಡು ಮಾತಿಗೆ ಒಂದೇ ಕಟ್ಟಳೆ, ಎದುರಿನವರ ಮುಖ ನೋಡುತ್ತಿರಬೇಕು. ಅವನು ಮುಖ ನೋಡುವುದನ್ನು ಯಾವ ವರ್ಷ ಬಿಟ್ಟನೋ ಅವಳಿಗೆ ನೆನಪಿಲ್ಲ. ಅವಳು ಕೂಗಲು ಶುರುಮಾಡಿದ್ದು ಅದರ ಮಾರನೆಯ ದಿನವೇ ಇರಬೇಕು.

ಅವಳ ತುಟಿ ಆಡಿತು. ಕೋಣೆಯಲ್ಲಿ ಫ್ಯಾನಿನ ಕಟಕ್ಕು ಬಿಟ್ಟರೆ ಬೇರೆ ಸದ್ದಿಲ್ಲ.

ನಿಧಿ ಪೂರ್ತಿ ನನಗೆ ಎಂದಿದ್ದಾರೆ. ಪೆನ್ಷನ್ನಿನಲ್ಲಿ ಎರಡು ಪಾಲು ನನಗೆ, ಒಂದು ಪಾಲು ನಿಮಗೆ. ನೀವು ಅದಕ್ಕೆ ಹೂಂ ಅಂದಿರಿ.

ಅವನ ಕಣ್ಣು ಅವಳ ತುಟಿಯ ಮೇಲಿತ್ತು.

ನನಗೆ ಬೇಕಾದದ್ದು ಅರ್ಧ. ಜಾಸ್ತಿ ಬರೆದದ್ದು ವಕೀಲರು. ಅರ್ಧ ಅನ್ನಿ, ನಾನು ಒಪ್ಪುತ್ತೇನೆ. ಆದರೆ ಕಿರುಚಾಡುತ್ತಾಳೆ ಎಂದು ಬರೆಸಿದ್ದೀರಲ್ಲ, ಆ ಸಾಲು ತೆಗೆಸಬೇಕು. ಯಾಕೆ ಕಿರುಚುತ್ತಿದ್ದೆ ಎಂದು ಇವರಿಗೆ ನಿಮ್ಮ ಬಾಯಿಂದಲೇ ಹೇಳಬೇಕು.

"ಏನ್ ಮೇಡಂ ಇದು," ಎಂದರು ವಕೀಲರು. "ನಮ್ಮ ಪಾರ್ಟಿ ಎದುರು ಪಾರ್ಟಿಗೆ ಸನ್ನೆ ಮಾಡ್ತಿದ್ದಾರೆ."

ಮಧ್ಯಸ್ಥಗಾರ್ತಿ ಕೈಯೆತ್ತಿ ಅವರನ್ನು ತಡೆದರು.

ಗಂಡ ಕಿಟಕಿಯ ಕಡೆ ನೋಡಿದ. ಆಮೇಲೆ ತನ್ನ ಕೈಗಳನ್ನು ನೋಡಿಕೊಂಡ. ನಿವೃತ್ತನಾಗಿ ಎರಡು ವರ್ಷವಾಗಿದ್ದರೂ ಹೆಬ್ಬೆರಳು ತೋರುಬೆರಳಿನ ಮೇಲೆ ಆಡುತ್ತಲೇ ಇತ್ತು, ಹರಿದ ನೂಲಿನ ತುದಿಯನ್ನು ಹೊಸೆಯುವ ಹಾಗೆ. ಅವನು ಎದ್ದು ಹೊರಟೇ ಹೋಗುತ್ತಾನೆ ಎಂದು ಅವಳಿಗೆ ಅನಿಸಿತು. ಹೋದರೆ ಹೋಗಲಿ ಎಂದೂ ಅನಿಸಿತು. ಇದಕ್ಕಿಂತ ಹೆಚ್ಚು ಮಾಡುವ ತ್ರಾಣ ಅವಳಲ್ಲಿ ಉಳಿದಿರಲಿಲ್ಲ.

"ಕೇಳಿಸ್ಲಿಲ್ಲ," ಎಂದ ಗಂಡ.

ಎಷ್ಟು ಸಣ್ಣಗೆ ಎಂದನೆಂದರೆ ಮಧ್ಯಸ್ಥಗಾರ್ತಿ ಮುಂದಕ್ಕೆ ಬಾಗಿ, "ಏನಂದ್ರಿ?" ಎಂದರು.

ಅವನ ಬಾಯಿ ಇನ್ನೊಮ್ಮೆ ತೆರೆಯಿತು. ಆದರೆ ಒಂದು ಸಲಕ್ಕೇ ಅವನ ಬಂಡವಾಳ ಮುಗಿದಿತ್ತು. ಅವನು ಹೆಂಡತಿಯ ಕಡೆ ನೋಡಿದ, ಬಾಗಿಲಿಗೆ ಯಾರಾದರೂ ಬಂದಾಗ, ಡಾಕ್ಟರು ಏನಾದರೂ ಕೇಳಿದಾಗ ನೋಡುತ್ತಿದ್ದ ಹಾಗೆ.

"ಕೇಳಿಸ್ಲಿಲ್ಲ ಅಂತಿದ್ದಾರೆ ಮೇಡಂ," ಎಂದಳು ಅವಳು, ತನ್ನ ಎಂದಿನ ದನಿಯಲ್ಲಿ. "ಅವರಿಗೆ ಕಿವಿ ಕೇಳ್ಸಲ್ಲ. ಅದಕ್ಕೇ ನಾನು ಕಿರುಚೋದು."

ಈ ಸಲ ಯಾರೂ ಬೆಚ್ಚಲಿಲ್ಲ. ಮಧ್ಯಸ್ಥಗಾರ್ತಿ ಅವಳಿಗೆ ಬೇಕಾದದ್ದು ಏನೆಂದು ಅವಳಿಂದಲೇ ಕೇಳಿಕೊಂಡರು. ಆಮೇಲೆ ಎದ್ದು ಫ್ಯಾನು ಆರಿಸಿ, ಕುರ್ಚಿಯನ್ನು ಗಂಡನ ಎದುರಿಗೆ ಎಳೆದುಕೊಂಡು, ಕರವಸ್ತ್ರವನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಮೂಗು ಸೋರಿದರೆ ಸೋರಲಿ ಎಂದು ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು. ನಿಧಿಯಲ್ಲಿ ಅರ್ಧ ಅರ್ಧ. ಗಂಡನ ಗದ್ದ ಇಳಿಯಿತು. ಹೂಂ. ಪೆನ್ಷನ್ನಿನಲ್ಲಿ ಅರ್ಧ ಅರ್ಧ, ಅವಳು ಬದುಕಿರುವವರೆಗೆ. ಹೂಂ. ನಾಲ್ಕನೆಯ ಪುಟದ ಸಾಲು ರದ್ದು. ಇದಕ್ಕೆ ಕೊಂಚ ತಡವಾಯಿತು. ಆದರೂ ಬಂತು, ಗಿಡ್ಡದ್ದೇ ಬಂತು. ಅವರು ಅಳತೆಪಟ್ಟಿ ಇಟ್ಟು ಆ ಸಾಲಿನ ಮೇಲೆ ಗೆರೆ ಎಳೆದರು, ಪಕ್ಕದಲ್ಲಿ ಅವನಿಂದ ಸಣ್ಣ ಸಹಿ ಹಾಕಿಸಿದರು.

ಅಷ್ಟು ಹೊತ್ತಿಗೆ ಗಂಡನ ವಕೀಲರು ಏದುಸಿರು ಬಿಡುತ್ತ ಬಂದರು. ನಿಂತಲ್ಲೇ ಓದಿ, "ಅರ್ಧ ಅರ್ಧ ತಾನೆ. ಇದಕ್ಕೆ ನಾನ್ಯಾಕ್ರೀ ಬೇಕಿತ್ತು" ಎಂದು ಸಹಿ ಹಾಕಿ, ಪೆನ್ನನ್ನು ಮರೆತು ಮತ್ತೆ ಕೆಳಗೆ ಓಡಿದರು.

ಮೆಟ್ಟಿಲಿಳಿಯುವಾಗ ಅವಳ ವಕೀಲರಿಗೆ ತಡೆಯಲಾಗಲಿಲ್ಲ. "ಬಾಯಿಗೆ ಬಂದ ತುತ್ತನ್ನ ಕೈಯಾರೆ ತೆಗೆದು ಕೊಟ್ರಿ ಅಮ್ಮ," ಎಂದರು. "ಒಂದು ಸಾಲಿಗೋಸ್ಕರ."

"ಹೂಂ," ಎಂದಳು ಅವಳು.

ಹೊರಗೆ ಮಧ್ಯಾಹ್ನದ ಬಿಸಿಲು ರಸ್ತೆಯ ಮೇಲೆ ಕೂತಿತ್ತು. ಅವಳ ಬಸ್ಸು ಈ ಕಡೆ, ಅವನ ಬಸ್ಸು ಆ ಕಡೆ. ಅವನು ರಸ್ತೆ ದಾಟುವಾಗ ಅವಳು ಎರಡು ಹೆಜ್ಜೆ ಮುಂದೆ ಹೋಗಿ ನಿಂತಳು. ವರ್ಷಗಟ್ಟಲೆ ಅವನ ಬಲಕ್ಕೆ ನಿಂತು, ಹಾರ್ನು ಕೇಳಿ, ತೋಳು ಹಿಡಿದು ದಾಟಿಸಿದ ಅಭ್ಯಾಸ. ಅವನು ಎರಡೂ ಕಡೆ ನೋಡಿಕೊಂಡು, ಒಂದು ಲಾರಿಯನ್ನು ಬಿಟ್ಟು, ಸುಮಾರಾಗಿಯೇ ದಾಟಿದ. ಅವಳು ಹಿಂದಕ್ಕೆ ಬಂದು ಕಲ್ಲಿನ ಬೆಂಚಿನ ಮೇಲೆ ಕೂತಳು. ಕೈಚೀಲದಲ್ಲಿ ಒಪ್ಪಂದದ ನಕಲು ಇತ್ತು. ಅರ್ಧದಲ್ಲಿ ಕಿಟಕಿಯಿರುವ ಕೋಣೆ ಸಿಗುತ್ತದೋ ಇಲ್ಲವೋ, ಯೋಚಿಸಲೂ ಸುಸ್ತಾಗಿತ್ತು.

ತಲೆ ಎತ್ತಿದಾಗ ಗಂಡ ಆಚೆಯ ತಂಗುದಾಣದ ಕಂಬಕ್ಕೆ ಒರಗಿ ಅವಳನ್ನೇ ನೋಡುತ್ತಿದ್ದ. ಒಂದು ಕೈ ಎತ್ತಿದ. ನಾಲ್ಕು ಸಾಲು ಮಗ್ಗದಾಚೆಯಿಂದ ಕರೆಯುತ್ತಿದ್ದ ಹಾಗೆ. ನಡುವೆ ಲಾರಿ, ಬೈಕು, ಆಟೋಗಳ ಗದ್ದಲ. ಅವನ ತುಟಿ ಆಡಿತು.

ನಿನ್ನ ತಮ್ಮನ ಫೋನು.

ಒಂದು ಬೈಕು ಹಾದುಹೋಯಿತು. ಅವನು ಅದು ಹೋಗುವವರೆಗೆ ಕಾದ.

ಅವತ್ತೂ ಕೇಳಿಸಲಿಲ್ಲ.

ಅಳು ಬರಬಹುದೆಂದು ಅವಳು ಅಂದುಕೊಂಡಳು, ಬರಲಿಲ್ಲ. ಕೈಚೀಲವನ್ನು ಗಟ್ಟಿಯಾಗಿ ಹಿಡಿದುಕೊಂಡು ಎದ್ದು ನಿಂತಳು. ಗೊತ್ತಿತ್ತು, ಎಂದಳು ತುಟಿಯಲ್ಲೇ. ಅಷ್ಟರಲ್ಲಿ ಅವನ ಬಸ್ಸು ಬಂದು ಇಬ್ಬರ ನಡುವೆ ನಿಂತಿತು. ಅವಳು ಇನ್ನೊಮ್ಮೆ ಹೇಳಿದಳು. ಬಸ್ಸು ಹೊರಟ ಮೇಲೆ ತಂಗುದಾಣದಲ್ಲಿ ಯಾರೂ ಇರಲಿಲ್ಲ. ಅವನು ನೋಡಿದನೋ ಇಲ್ಲವೋ ತಿಳಿಯಲಿಲ್ಲ.

ಅವಳ ಬಸ್ಸು ಅರ್ಧ ಗಂಟೆ ತಡವಾಗಿ ಬಂತು. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಕಂಡಕ್ಟರು ಹತ್ತಿರ ಬಂದು ಎಲ್ಲಿಗೆ ಎಂದು ಕೇಳಿದ. ಅವಳು ತಂಗಿಯ ಮನೆಯ ಹತ್ತಿರದ ನಿಲ್ದಾಣದ ಹೆಸರು ಹೇಳಿದಳು. ಅವನು ಟಿಕೆಟ್ಟಿನ ಮಷೀನನ್ನು ಕೈಯಲ್ಲಿ ಹಿಡಿದು ಅವಳ ಮುಖ ನೋಡುತ್ತ ಹಾಗೇ ನಿಂತಿದ್ದ. ಅವಳು ಇನ್ನೊಮ್ಮೆ ಹೇಳಿದಳು.

ಕಂಡಕ್ಟರು ಬಗ್ಗಿ ಕಿವಿಯನ್ನು ಅವಳ ಹತ್ತಿರ ತಂದ.

"ಸ್ವಲ್ಪ ಜೋರಾಗಿ ಹೇಳಮ್ಮ," ಎಂದ.